ಕಟೌಟ್ ಬರೆದ ಕೈ ಕಾಂಪೌಂಡಿಗೆ ಬಂದಾಗ...

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಅಭಿಮಾನಿ ಮೊದಲು ಎತ್ತ ನೋಡುತ್ತಾನೆ? ಕೆಂಪೇಗೌಡ ರಸ್ತೆ ಕಡೆಗೇ! ಒಂದು ಕಾಲಕ್ಕೆ ಅಲ್ಲಿ ಅಣ್ಣಾವ್ರು, ವಿಷ್ಣು, ಅಂಬರೀಷ್ ಥಿಯೇಟರಿಗಿಂತ ಎತ್ತರ ನಿಂತು, ಕೊರಳಲ್ಲಿ ಹಾರ ಹಾಕಿಸಿಕೊಂಡು ನಗುತ್ತಿದ್ದರು. ಫೋಟೋ ಮೇಲೆ ಚೌಕ ಗೀಚಿ, ಅದೇ ಚೌಕವನ್ನು ಬಟ್ಟೆ ಮೇಲೆ ದೊಡ್ಡದು ಮಾಡಿ, ಆ ಮೂಗು, ಮೀಸೆ, ಕಣ್ಣು ತಿದ್ದಿದವರು ಬ್ಯಾನರ್ ಕಲಾವಿದರು. ಕಂಪ್ಯೂಟರ್ ಫ್ಲೆಕ್ಸ್ ಬಂತು ನೋಡಿ, ವಾರದ ಕೆಲಸ ಗಂಟೆಯಲ್ಲಿ ಮುಗಿಯಿತು. ಬ್ರಷ್ಷು ಒಣಗಿತು.

ಆ ಕೈಗಳಿಗೆ ಮತ್ತೆ ಕೆಲಸ ಕೊಟ್ಟದ್ದು ರಸ್ತೆ ಬದಿಯ ಗೋಡೆ! 2009ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಫುಟ್‌ಪಾತ್ ಪಕ್ಕದ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಿತು. ಕಾರಣ ಏನು ಗೊತ್ತೆ? ಪೋಸ್ಟರ್ ಅಂಟಿಸುವವರ ಕಾಟ, ಗೋಡೆ ಕಂಡಲ್ಲಿ ನಿಲ್ಲುವವರ ಕಾಟ! ಗೋಡೆ ಅಂದಗೆಡಿಸಬಾರದೆಂದು ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಕೇಳುವವರು ಯಾರು? ಕಾಯ್ದೆ ಮಾಡದ್ದನ್ನು ಬಣ್ಣ ಮಾಡಲಿ ಎಂದು ಹಂಪಿಯ ಕಲ್ಲಿನ ರಥ, ಜೋಗ, ಯಕ್ಷಗಾನದ ವೇಷ, ಹುಲಿ, ಆನೆ ಎಲ್ಲವೂ ಕಾಂಪೌಂಡು ಏರಿದವು. ಕಲಾಶಾಲೆ ಓದಿದ ಕೆಲವರು "ಇದೆಲ್ಲ ಕ್ಯಾಲೆಂಡರ್ ಚಿತ್ರ" ಎಂದು ಮೂಗು ಮುರಿದರು. ಬಸ್ಸಿಗೆ ಕಾಯುವ ಜನ ಮಾತ್ರ ನಿಂತು ನೋಡಿದರು.

ಮೊನ್ನೆ ಗಾಂಧಿನಗರದ ಟೀ ಅಂಗಡಿಯಲ್ಲಿ ಅಂಥ ಒಬ್ಬ ಹಿರಿಯ ಕಲಾವಿದರು ಸಿಕ್ಕರು. "ಯಜಮಾನ್ರೇ, ನೀವು ಬರೆದದ್ದು ಈಗಲೂ ಐತಾ?" ಅಂದೆ. "ಬಾರಪ್ಪಾ, ನೋಡೇಬಿಡೋಣ" ಅಂದರು. ಆನಂದರಾವ್ ಸರ್ಕಲ್ ದಾಟಿ, ಶೇಷಾದ್ರಿ ರಸ್ತೆ ಹಿಡಿದು ನಡೆದೆವು. ಹೊಗೆ, ಹಾರನ್ನು, ಕಿತ್ತ ಫುಟ್‌ಪಾತು. ಒಂದು ಗೋಡೆಗೆ ಯಾರೋ ಸುಣ್ಣ ಬಳಿದಿದ್ದರು. ಇನ್ನೊಂದು ಗೋಡೆಯೇ ಇರಲಿಲ್ಲ. ಕೊನೆಗೆ ಒಂದು ಪಕ್ಕದ ರಸ್ತೆಯಲ್ಲಿ ಸಿಕ್ಕಿತು ಅವರ ಕಲ್ಲಿನ ರಥ! ಬಣ್ಣ ಚಕ್ಕೆ ಎದ್ದಿತ್ತು. ಮುಂದಿನ ಚಕ್ರದ ಮೇಲೆ ಹೊಸ ಸಿನಿಮಾ ಪೋಸ್ಟರ್ ಅಂಟಿತ್ತು. ಹೀರೋ ಮಚ್ಚು ಹಿಡಿದು ನನ್ನನ್ನೇ ದುರುಗುಟ್ಟುತ್ತಿದ್ದ.

ನನಗೆ ನಾಚಿಕೆಯಾಯಿತು. ಹದಿನೆಂಟರ ವಯಸ್ಸಿನಲ್ಲಿ ಮೈದಾ ಅಂಟಿನ ಬಕೆಟ್ ಹಿಡಿದು ರಾತ್ರಿಯೆಲ್ಲ ಗೋಡೆ ಹುಡುಕಿದವನು ನಾನೂ ಹೌದು. ಯಾರ ಚಿತ್ರದ ಮೇಲೆ ಅಂಟಿಸಿದೆನೋ!

ಯಜಮಾನರು ಬೈಯಲಿಲ್ಲ. ಪೋಸ್ಟರ್ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಮುಖದಲ್ಲಿ ನೆರಳೇ ಇಲ್ವಲ್ಲಪ್ಪಾ... ನಾನಾಗಿದ್ರೆ ಕೆನ್ನೆಗೆ ಒಂಚೂರು ಹಸಿರು ಕೊಡ್ತಿದ್ದೆ."

ಅಭಿಮಾನಿ ಮಿತ್ರರೇ, ಮುಂದಿನ ಶುಕ್ರವಾರ ಬಕೆಟ್ ಎತ್ತುವ ಮುನ್ನ ಗೋಡೆಯನ್ನೊಮ್ಮೆ ನೋಡಿ. ನಿಮ್ಮಪ್ಪ ಹಾರ ಹಾಕಿ ಕೈಮುಗಿದ ಕಟೌಟನ್ನು ಬರೆದದ್ದೂ ಅದೇ ಕೈ ಇರಬಹುದು!