ದ್ರುತದೊಳಗೊಂದು ವಿಳಂಬ

ಡ್ರಮ್ ಅಂಡ್ ಬೇಸ್ ಎಂದರೆ ನನ್ನ ವಯಸ್ಸಿನವರು ಎದ್ದು ಕಿಟಕಿ ಮುಚ್ಚುವುದೇ ಹೆಚ್ಚು. ನಿಮಿಷಕ್ಕೆ ಸುಮಾರು 170 ಪೆಟ್ಟು! ಆದರೆ ಮಗನ ಒತ್ತಾಯಕ್ಕೆ ಕೇಳಿದ ಗೋಲ್ಡಿಯ ‘ಟೈಮ್‌ಲೆಸ್’ ನನ್ನನ್ನು ಹಿಡಿದು ಕೂರಿಸಿತು. 1995ರ ಕೃತಿ, ಮೊದಲ ರಚನೆಯೇ 21 ನಿಮಿಷ. ಮೇಲೆ ತಾಳವಾದ್ಯ ಓಡುತ್ತದೆ, ಕೆಳಗೆ ಮಂದ್ರನಾದ ನಿಧಾನವಾಗಿ ನಡೆಯುತ್ತದೆ, ನಡುವೆ ಡಯಾನ್ ಶಾರ್ಲಮೇನ್ ಅವರ ಕಂಠ ಅವಸರವೇ ಇಲ್ಲದೆ ತೇಲುತ್ತದೆ. ವಿಳಂಬ ಕಾಲದ ಕೀರ್ತನೆಗೆ ಮೃದಂಗ ದ್ರುತದಲ್ಲಿ ನುಡಿಯುವುದನ್ನು ಬಲ್ಲ ನಮಗೆ ಇದೇನು ತೀರ ಹೊಸತಲ್ಲ.

ಗೋಲ್ಡಿ 1965ರಲ್ಲಿ ಇಂಗ್ಲೆಂಡಿನ ವಾಲ್ಸಾಲ್‌ನಲ್ಲಿ ಹುಟ್ಟಿದವನು. ಬಾಲ್ಯ ಕಳೆದದ್ದು ಸಾಕುಮನೆಗಳಲ್ಲಿ, ಮಕ್ಕಳ ಆಶ್ರಮಗಳಲ್ಲಿ. ಮೊದಲು ಹೆಸರಾದದ್ದು ಗೋಡೆಗಳ ಮೇಲಿನ ಚಿತ್ರಗಳಿಂದ. ಲಂಡನ್ನಿನ ‘ರೇಜ್’ ಕ್ಲಬ್ಬಿಗೆ ಕರೆದೊಯ್ದು ಈ ಸಂಗೀತದ ರುಚಿ ಹತ್ತಿಸಿದವಳು ಗೆಳತಿ, ಡಿಜೆ ಕೆಮಿಸ್ಟ್ರಿ. 1994ರಲ್ಲಿ ಅವಳೂ ಸ್ಟಾರ್ಮ್ ಎಂಬಾಕೆಯೂ ಜೊತೆಗೂಡಿ, ಮೂವರೂ ‘ಮೆಟಲ್‌ಹೆಡ್ಜ್’ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿದರು.

ಕೀರ್ತಿ ಬಂದ ಮೇಲೆ ಆತ ಮಾಡಿದ್ದೇನು? 1998ರಲ್ಲಿ ‘ಮದರ್’ ಎಂಬ ಒಂದು ಗಂಟೆಯ ರಚನೆ. ಬಲು ಉದ್ದವಾಯಿತೆಂದು ವಿಮರ್ಶಕರು ಗೊಣಗಿದರು. ಇರಬಹುದು. ಕರೆದ ಕೂಡಲೆ ಅಮ್ಮ ಓಡಿ ಬರುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಕರೆದರೆ ಅಮ್ಮ ಓಗೊಡದ ಮನೆಗಳಲ್ಲಿ ಬೆಳೆದವನಿಗೆ ಒಂದು ಗಂಟೆ ದೊಡ್ಡದೇ?