ಸ್ಕೋಡಾದ ಊರಿನಲ್ಲಿ ಒಂದು ಶನಿವಾರ

ಪ್ರಾಗ್ ನಗರದ ಹಳದಿ ಮೆಟ್ರೋ ಮಾರ್ಗ ಪೂರ್ವಕ್ಕೆ ಮುಗಿಯುವುದು ಚೆರ್ನಿ ಮೋಸ್ತ್ ಎಂಬ ನಿಲ್ದಾಣದಲ್ಲಿ. ಅಲ್ಲಿ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಮ್ಲಾದಾ ಬೊಲೆಸ್ಲಾವ್. ಪ್ರಾಗಿಗೆ ಬಂದ ನಮ್ಮ ಜನ ಸಾಮಾನ್ಯವಾಗಿ ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಕೋಟೆ, ಗಂಟೆ ಹೊಡೆದಾಗ ಗೊಂಬೆಗಳು ಕಾಣಿಸಿಕೊಳ್ಳುವ ಹಳೇ ಗಡಿಯಾರ ನೋಡಿಕೊಂಡು ವಿಯೆನ್ನಾ ರೈಲು ಹತ್ತಿಬಿಡುತ್ತಾರೆ. ಟೂರ್ ಪ್ಯಾಕೇಜುಗಳವರು ಈ ಊರಿನ ಹೆಸರು ಎತ್ತುವುದು ಕಡಿಮೆ. ಆದರೆ ಪುಣೆಯಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಹದಿಮೂರು ವರ್ಷ ಕಳೆದ ನನ್ನಂಥವನಿಗೆ ಇದೊಂದು ಥರದ ಪುಣ್ಯಕ್ಷೇತ್ರವೇ. ಸ್ಕೋಡಾ ಕಾರು ಹುಟ್ಟಿದ್ದು ಇಲ್ಲಿ. ಆಫೀಸಿನ ಕೆಲಸಕ್ಕೆಂದು ಮೂರು ವಾರ ಪ್ರಾಗಿನಲ್ಲಿದ್ದಾಗ ಒಂದು ಶನಿವಾರವನ್ನು ಇದಕ್ಕೇ ಎತ್ತಿಟ್ಟೆ. ಅಲ್ಲಿನ ಸಹೋದ್ಯೋಗಿಯೊಬ್ಬರು, ಐವತ್ತು ದಾಟಿದ ಚೆಕ್ ಇಂಜಿನಿಯರ್, ತಾವೂ ಬರುತ್ತೇನೆಂದು ಜೊತೆಯಾದರು.

ಚೆಕ್ ಭಾಷೆಯಲ್ಲಿ ಮ್ಲಾದಾ ಎಂದರೆ ಎಳೆಯದು. ಪ್ರಾಗಿಗೆ ಇನ್ನೂ ಹತ್ತಿರದಲ್ಲಿ ಸ್ತಾರಾ ಬೊಲೆಸ್ಲಾವ್, ಅಂದರೆ ಹಳೇ ಬೊಲೆಸ್ಲಾವ್, ಎಂಬ ಇನ್ನೊಂದು ಊರಿದೆ. ನಮ್ಮಲ್ಲಿ ಹಳೇ ಹುಬ್ಬಳ್ಳಿ, ಹೊಸ ಹುಬ್ಬಳ್ಳಿ ಎನ್ನುವುದಿಲ್ಲವೇ, ಹಾಗೆ. ಯಿಜೆರಾ ನದಿಯ ಪಕ್ಕದ ಬಂಡೆಯ ಮೇಲೆ ಹಳೆಯ ಕೋಟೆ, ಅದರ ಹಿಂದೆ ಹಳೇ ಪೇಟೆ, ಅದನ್ನು ದಾಟಿದರೆ ಕಣ್ಣು ಹಾಯುವಷ್ಟು ದೂರ ಕಾರ್ಖಾನೆ. ಊರಿನ ಜನಸಂಖ್ಯೆ ಸುಮಾರು 45 ಸಾವಿರ. ಕಾರ್ಖಾನೆಯಲ್ಲಿ ದುಡಿಯುವವರೇ 20 ಸಾವಿರಕ್ಕೂ ಹೆಚ್ಚು. ಭದ್ರಾವತಿಯ ಉಕ್ಕಿನ ಕಾರ್ಖಾನೆ ಭರದಿಂದ ನಡೆಯುತ್ತಿದ್ದ ಕಾಲವನ್ನು ಕಂಡವರಿಗೆ ಇಂಥ ಊರಿನ ಗುಣ ಹೇಳಿಕೊಡಬೇಕಿಲ್ಲ. ಇಲ್ಲಿ ಪಾಳಿ ಬದಲಾಗುವ ಹೊತ್ತೇ ಊರಿನ ಗಡಿಯಾರ.

ಮ್ಯೂಸಿಯಂ ಇರುವುದು ಕಾರ್ಖಾನೆಯ ಹಳೇ ಉತ್ಪಾದನಾ ಶೆಡ್ಡಿನಲ್ಲೇ, ವಾತ್ಸ್ಲಾವ್ ಕ್ಲೆಮೆಂಟ್ ಎಂಬುವನ ಹೆಸರಿನ ರಸ್ತೆಯಲ್ಲಿ. ಈ ಕ್ಲೆಮೆಂಟ್ ಇಂಜಿನಿಯರ್ ಅಲ್ಲ, ಪುಸ್ತಕದಂಗಡಿ ಇಟ್ಟುಕೊಂಡಿದ್ದವನು. ಅವನ ಕಥೆ ನಮ್ಮಂಥ ಹೊರನಾಡಿಗರು ಕೇಳಲೇಬೇಕಾದದ್ದು.

1894ರ ಮಾತು. ಆಗ ಈ ಪ್ರದೇಶ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗ. ದೊಡ್ಡ ವ್ಯವಹಾರ, ದೊಡ್ಡ ಕಚೇರಿಗಳ ಭಾಷೆ ಜರ್ಮನ್. ಕ್ಲೆಮೆಂಟ್ ಜರ್ಮನಿಯ ಡ್ರೆಸ್ಡೆನ್ನಿನ ಸೈಡೆಲ್ ಅಂಡ್ ನೌಮನ್ ಕಂಪನಿಯ ಸೈಕಲ್ ಕೊಂಡಿದ್ದ. ಅದು ಕೆಟ್ಟಿತು. ರಿಪೇರಿ ಮಾಡಿಕೊಡಿ ಎಂದು ಕಂಪನಿಯ ಶಾಖೆಗೆ ಪತ್ರ ಬರೆದ, ತನ್ನ ಭಾಷೆಯಾದ ಚೆಕ್‌ನಲ್ಲಿ. ಉತ್ತರ ಬಂತು, ಜರ್ಮನ್‌ನಲ್ಲಿ. ಜವಾಬು ಬೇಕಿದ್ದರೆ ನಮಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ ಎಂಬುದು ಅದರ ಸಾರಾಂಶ.

ಪುಣೆ, ಮುಂಬೈ, ದೆಹಲಿಗಳಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ಅಥವಾ ಕಸ್ಟಮರ್ ಕೇರ್ ಫೋನಿನಲ್ಲಿ ಇದರ ಒಂದಲ್ಲ ಒಂದು ರೂಪವನ್ನು ಕೇಳಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಬೆಂಗಳೂರಿನಲ್ಲೇ ಕೇಳಿಸಿಕೊಂಡೆವು ಎನ್ನುವವರೂ ಇದ್ದಾರೆ. ಕೇಳಿಸಿಕೊಂಡ ನಾವು ಮನೆಗೆ ಬಂದು ಹೆಂಡತಿಯ ಹತ್ತಿರ ಬೈದುಕೊಳ್ಳುತ್ತೇವೆ, ಇಲ್ಲವೇ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ಸಾಲು ಹಾಕುತ್ತೇವೆ. ಕ್ಲೆಮೆಂಟ್‌ಗೂ ಸಿಟ್ಟು ಬಂದೇ ಇರಬೇಕು. ಆದರೆ ಅವನು ವಾತ್ಸ್ಲಾವ್ ಲಾರಿನ್ ಎಂಬ ಮೆಕ್ಯಾನಿಕ್‌ನನ್ನು ಜೊತೆ ಮಾಡಿಕೊಂಡು 1895ರ ಡಿಸೆಂಬರಿನಲ್ಲಿ ಈ ಊರಲ್ಲೇ ಸೈಕಲ್ ರಿಪೇರಿ ಮಾಡುವ, ಸೈಕಲ್ ತಯಾರಿಸುವ ಅಂಗಡಿ ತೆರೆದ. ತಾವು ಕಟ್ಟಿದ ಸೈಕಲ್ಲಿಗೆ ಇಟ್ಟ ಹೆಸರು ಸ್ಲಾವಿಯಾ. ಚೆಕ್ಕರು ಸ್ಲಾವ್ ಜನ. ಹೆಸರಿನಲ್ಲೇ ಉತ್ತರವಿತ್ತು.

1899ರಲ್ಲಿ ಅವರು ಮೋಟಾರ್ ಸೈಕಲ್ ತಯಾರಿಸಿದರು. 1905ರಲ್ಲಿ ಫ್ರಾನ್ಸಿನ ದೂರ್ದಾನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ರೇಸನ್ನು ಇವರ ಸವಾರ ವಾತ್ಸ್ಲಾವ್ ವೊಂಡ್ರಿಖ್ ಗೆದ್ದ. ಅದೇ ವರ್ಷ ಮೊದಲ ಕಾರು ಬಂತು, ಹೆಸರು ವಾಯ್ಟುರೆಟ್ ಎ. ಎರಡು ಸಿಲಿಂಡರ್, ಏಳು ಕುದುರೆ ಶಕ್ತಿ. ನಮ್ಮ ಇವತ್ತಿನ ಸ್ಕೂಟರಿನ ಎಂಜಿನ್ನಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ಕಾರೆನ್ನುವುದಕ್ಕಿಂತ ಕುದುರೆ ಕಟ್ಟಲು ಮರೆತ ಸಾರೋಟಿನಂತೆ ಕಾಣುತ್ತದೆ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆಯೇ ಒಂದು ವಿಷಯ. 1900ರ ದಶಕದಲ್ಲಿ ಈ ಇಬ್ಬರ ಮೋಟಾರ್ ಸೈಕಲ್ಲನ್ನು ಲೈಸೆನ್ಸ್ ಪಡೆದು ಜರ್ಮನಿಯಲ್ಲಿ ತಯಾರಿಸಿದ ಕಂಪನಿ ಯಾವುದು ಗೊತ್ತೇ? ಅದೇ ಸೈಡೆಲ್ ಅಂಡ್ ನೌಮನ್. ಅಲ್ಲಿ ಅದಕ್ಕೆ ಜರ್ಮೇನಿಯಾ ಎಂದು ಹೆಸರಿಟ್ಟು ಮಾರಿದರು. ಹೆಸರು ಜರ್ಮನ್ನರದ್ದು, ವಿದ್ಯೆ ಈ ಊರಿನದ್ದು.

ಹಾಗಾದರೆ ಸ್ಕೋಡಾ ಯಾರು? ಎಮಿಲ್ ಸ್ಕೋಡಾ ಎಂಬ ಇಂಜಿನಿಯರ್ 1869ರಲ್ಲಿ ಪಿಲ್ಸೆನ್ ಪಟ್ಟಣದ ಯಂತ್ರದ ಕಾರ್ಖಾನೆಯೊಂದನ್ನು ಕೊಂಡು, ಅದನ್ನು ಸಾಮ್ರಾಜ್ಯದ ಅತಿ ದೊಡ್ಡ ಉಕ್ಕು ಮತ್ತು ಫಿರಂಗಿ ಕಾರ್ಖಾನೆಗಳಲ್ಲೊಂದಾಗಿ ಬೆಳೆಸಿದವನು. ಅವನು ತೀರಿಕೊಂಡದ್ದು 1900ರಲ್ಲಿ. ತನ್ನ ಹೆಸರಿನ ಕಾರನ್ನು ಅವನು ಕಣ್ಣಿಂದಲೂ ನೋಡಲಿಲ್ಲ. ಮೊದಲ ಮಹಾಯುದ್ಧದ ನಂತರದ ಕಷ್ಟಗಳ ಮೇಲೆ 1924ರಲ್ಲಿ ಮ್ಲಾದಾ ಬೊಲೆಸ್ಲಾವ್ ಕಾರ್ಖಾನೆಗೆ ಬೆಂಕಿ ಬಿತ್ತು. 1925ರಲ್ಲಿ ಲಾರಿನ್ ಮತ್ತು ಕ್ಲೆಮೆಂಟ್ ತಮ್ಮ ಕಂಪನಿಯನ್ನು ಪಿಲ್ಸೆನ್ನಿನ ಸ್ಕೋಡಾ ಜೊತೆ ಸೇರಿಸಿದರು. ಕಾರಿನ ಮೇಲೆ ಹೊಸ ಹೆಸರು ಬಂತು.

ಆ ಹೆಸರನ್ನು ಚೆಕ್ಕರು ಉಚ್ಚರಿಸುವುದು ಶ್ಕೋಡ ಎಂದು. ಮೊದಲ ಅಕ್ಷರದ ತಲೆಯ ಮೇಲಿರುವ ಪುಟ್ಟ ಕೊಕ್ಕೆಯಿಂದ ಅದು ಶಕಾರವಾಗುತ್ತದೆ. ಇಂಗ್ಲಿಷಿನಲ್ಲಿ ಕೊಕ್ಕೆ ಬಿದ್ದುಹೋಗಿ ಸ್ಕೋಡಾ ಆಯಿತು, ನಮಗೆ ಬಂದದ್ದೂ ಅದೇ. ನಾನು ಕಾಗದದ ಮೇಲೆ ಕನ್ನಡದಲ್ಲಿ ಶ್ಕೋಡ ಎಂದು ಬರೆದು ಓದಿ ತೋರಿಸಿದಾಗ ಸಹೋದ್ಯೋಗಿಗೆ ಖುಷಿಯಾಯಿತು. ಇನ್ನೊಂದು ಸಂಗತಿ ಹೇಳಿ ಅವರು ನಕ್ಕರು. ಚೆಕ್ ಭಾಷೆಯಲ್ಲಿ ಆ ಪದಕ್ಕೆ ನಷ್ಟ, ಹಾನಿ, ಅಯ್ಯೋ ಪಾಪ ಎಂಬ ಅರ್ಥಗಳಿವೆಯಂತೆ. ಮಳೆ ಬಂದು ಪಿಕ್ನಿಕ್ ತಪ್ಪಿದರೂ ಶ್ಕೋಡ ಎನ್ನುತ್ತಾರೆ. ಅಂಥ ಹೆಸರು ಹೊತ್ತು ಗಿರಾಕಿಗಳ ಮನಸ್ಸು ಗೆಲ್ಲುವುದು ಸುಲಭದ ಕೆಲಸವಲ್ಲ.

ಹೆಸರು ನಿಜವಾಗಿಯೂ ಕೆಟ್ಟದ್ದು ಎರಡನೇ ಮಹಾಯುದ್ಧದ ನಂತರ. ನಾಜಿ ಆಡಳಿತದಲ್ಲಿ ಕಾರ್ಖಾನೆ ಜರ್ಮನ್ ಸೈನ್ಯಕ್ಕಾಗಿ ದುಡಿಯಬೇಕಾಯಿತು. 1945ರ ಮೇ 9ರಂದು, ಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, ಬಾಂಬ್ ಬಿದ್ದು ಹಾಳಾಯಿತು. ಮರುವರ್ಷ ಸರ್ಕಾರದ ವಶಕ್ಕೆ ಹೋಯಿತು. 1959ರ ಆಕ್ಟೇವಿಯಾದಂಥ ಒಳ್ಳೆಯ ಕಾರುಗಳು ಬಂದವು. 1964ರಲ್ಲಿ ಹಿಂದೆ ಎಂಜಿನ್ ಇರುವ 1000 ಎಂಬಿ ಬಂತು. ಎಂಬಿ ಎಂದರೆ ಮ್ಲಾದಾ ಬೊಲೆಸ್ಲಾವ್. ಆದರೆ ಜನ ಅದನ್ನು ಅದೇ ಅಕ್ಷರಗಳಿಂದ ಶುರುವಾಗುವ ‘ಸಾವಿರ ಸಣ್ಣ ನೋವುಗಳು’ ಎಂದು ಬಿಡಿಸಿ ನಗುತ್ತಿದ್ದರಂತೆ. ಕಾರಿಗಾಗಿ ವರ್ಷಗಟ್ಟಲೆ ಸರತಿ ಬೇರೆ. ತಮ್ಮ ತಂದೆ ಹೆಸರು ಬರೆಸಿದಾಗ ತಾವು ಒಂದನೇ ಕ್ಲಾಸು, ಕಾರು ಮನೆಗೆ ಬಂದಾಗ ಐದನೇ ಕ್ಲಾಸು ಎಂದರು ಸಹೋದ್ಯೋಗಿ. ನಾನು ಅವರಿಗೆ ನಮ್ಮ ಬಜಾಜ್ ಚೇತಕ್ ಬುಕಿಂಗಿನ ಕಾಲದ ಕಥೆ ಹೇಳಿದೆ. ಇಬ್ಬರ ಬಾಲ್ಯಕ್ಕೂ ಅಷ್ಟೇನೂ ದೂರವಿರಲಿಲ್ಲ.

1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ದೇಶವೇ ನಿಂತ ನೀರಾಯಿತು. ಪಶ್ಚಿಮದ ಕಂಪನಿಗಳು ಮುಂದಿನ ಚಕ್ರ ಎಳೆಯುವ ಕಾರುಗಳಿಗೆ ಹೊರಳಿದರೂ ಇಲ್ಲಿ ಹಿಂದಿನ ಎಂಜಿನ್ನೇ ಉಳಿಯಿತು. ಬ್ರಿಟನ್ನಿನಲ್ಲಿ ಸ್ಕೋಡಾ ಜೋಕುಗಳು ನಮ್ಮ ಸರ್ದಾರ್ಜಿ ಜೋಕುಗಳಷ್ಟೇ ಸಾಮಾನ್ಯವಾದವು. ಸ್ಕೋಡಾದ ಬೆಲೆ ದುಪ್ಪಟ್ಟು ಮಾಡುವುದು ಹೇಗೆ? ಟ್ಯಾಂಕ್ ತುಂಬಿಸಿ. ಹಿಂದಿನ ಗಾಜಿಗೆ ಹೀಟರ್ ಯಾಕೆ? ತಳ್ಳುವಾಗ ಕೈ ಬೆಚ್ಚಗಿರಲಿ ಎಂದು. ಅದೇ ಕಾಲದಲ್ಲಿ ಇದೇ ಕಾರ್ಖಾನೆಯ 130 ಆರ್‌ಎಸ್ ಕಾರು 1977ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ತನ್ನ ವರ್ಗದಲ್ಲಿ ಮೊದಲು ಬಂದಿತ್ತು. ಜೋಕು ಹೇಳುವವರಿಗೆ ಅದು ಬೇಕಿರಲಿಲ್ಲ. ಮ್ಯೂಸಿಯಂನಲ್ಲಿ ಸಹೋದ್ಯೋಗಿ ಅತಿ ಹೆಚ್ಚು ಹೊತ್ತು ನಿಂತದ್ದು ಈ ಕಾರಿನ ಮುಂದೆ.

1987ರಲ್ಲಿ ಇಟಲಿಯ ಬೆರ್ತೋನೆ ವಿನ್ಯಾಸದ ಫೇವರಿಟ್ ಬಂತು, ಮುಂದಿನ ಚಕ್ರ ಎಳೆಯುವ ಆಧುನಿಕ ಕಾರು. ಎರಡು ವರ್ಷಕ್ಕೆ ಕಮ್ಯುನಿಸ್ಟ್ ಆಡಳಿತ ಬಿತ್ತು. ಕಾರ್ಖಾನೆ ಉಳಿಯಬೇಕಾದರೆ ದೊಡ್ಡ ಪಾಲುದಾರ ಬೇಕಿತ್ತು. ಕೊನೆಗೆ ಉಳಿದವರು ಫ್ರಾನ್ಸಿನ ರೆನೋ ಮತ್ತು ಜರ್ಮನಿಯ ಫೋಕ್ಸ್‌ವ್ಯಾಗನ್. ಸರ್ಕಾರ ಜರ್ಮನ್ನರನ್ನು ಆರಿಸಿತು. 1991ರಲ್ಲಿ ಶುರುವಾದ ಪಾಲುದಾರಿಕೆ ಬೆಳೆದು 2000ದ ಹೊತ್ತಿಗೆ ಸ್ಕೋಡಾ ಪೂರ್ತಿ ಫೋಕ್ಸ್‌ವ್ಯಾಗನ್‌ನದ್ದಾಯಿತು. ಪತ್ರಕ್ಕೆ ಜರ್ಮನ್‌ನಲ್ಲಿ ಉತ್ತರ ಬಂದು ಒಂದು ಶತಮಾನ ಕಳೆದ ಮೇಲೆ ಕಂಪನಿಯ ಒಡೆತನವೇ ಜರ್ಮನಿಗೆ ಹೋಯಿತು. ನಿಮಗೆ ಬೇಸರವಾಗುವುದಿಲ್ಲವೇ ಎಂದು ಸಹೋದ್ಯೋಗಿಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಕಾರು ಇಲ್ಲೇ ತಯಾರಾಗುತ್ತದೆ, ಶಾಪ್ ಫ್ಲೋರಿನಲ್ಲಿ ಚೆಕ್ ಮಾತಾಡುತ್ತಾರೆ, ಸಂಬಳ ಬರುತ್ತದೆ. ಬೇಸರ ಇದೆ, ಆದರೆ ಚಿಕ್ಕದು’ ಎಂದರು.

ಹೆಸರು ಮರಳಿ ಗಳಿಸಲು ಕಾರು ಒಳ್ಳೆಯದಾದರೆ ಸಾಲಲಿಲ್ಲ. 2000ದಲ್ಲಿ ಬ್ರಿಟನ್ನಿನ ಜಾಹೀರಾತುಗಳು ತಮ್ಮನ್ನು ತಾವೇ ಗೇಲಿ ಮಾಡಿಕೊಂಡವು. ಒಳ್ಳೆಯ ಕಾರನ್ನು ತೋರಿಸಿ, ಇದು ಸ್ಕೋಡಾ, ನಿಜವಾಗ್ಲೂ ಎಂದವು. ಜನ ನಕ್ಕರು, ಕಾರನ್ನೂ ನೋಡಿದರು. ಜೋಕು ಕ್ರಮೇಣ ಹಳೆಯದಾಯಿತು. ಹಾಗೆಂದು ಹೆಸರು ಒಮ್ಮೆ ಗಳಿಸಿದರೆ ಶಾಶ್ವತ ಅಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಹಗರಣ ಹೊರಬಿದ್ದಾಗ ಜಗತ್ತಿನಾದ್ಯಂತ 1.1 ಕೋಟಿ ಕಾರುಗಳ ಲೆಕ್ಕ ಬಂತು, ಅದರಲ್ಲಿ ಸುಮಾರು 12 ಲಕ್ಷ ಸ್ಕೋಡಾದವು. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಶಿಸ್ತಾಗಿ ನಡೆದುಕೊಳ್ಳುವಂತೆ ಮಾಡಿದ್ದು ಎಂಜಿನ್ನಿನ ಯಾವ ಬೋಲ್ಟೂ ಅಲ್ಲ, ಸಾಫ್ಟ್‌ವೇರ್. ಅಂದರೆ ನನ್ನಂಥವರೇ ಬರೆದ ಕೋಡ್. ಆ ವರ್ಷ ನಮ್ಮ ವೃತ್ತಿಯವರಿಗೆ ಜೋಕು ಮಾಡುವ ಮನಸ್ಸಿರಲಿಲ್ಲ.

ಮಹಾರಾಷ್ಟ್ರದಲ್ಲಿರುವ ನಮಗೆ ಈ ಕಥೆಯ ಮುಂದಿನ ಭಾಗ ಕಣ್ಣೆದುರೇ ಇದೆ. 2001ರಲ್ಲಿ ಔರಂಗಾಬಾದಿನಲ್ಲಿ ಜೋಡಿಸಿದ ಆಕ್ಟೇವಿಯಾ ಭಾರತದ ರಸ್ತೆಗೆ ಬಂತು. ಡಿಕ್ಕಿಯ ಮೇಲೆ ಎಲ್ ಅಂಡ್ ಕೆ ಎಂದು ಬರೆದಿರುವ ಸ್ಕೋಡಾ ಕಂಡರೆ ಅದು ಲಾರಿನ್ ಮತ್ತು ಕ್ಲೆಮೆಂಟ್ ಎಂದು ತಿಳಿಯಿರಿ. ಅತಿ ದುಬಾರಿ ಮಾದರಿಗಳಿಗೆ ಇಂದಿಗೂ ಅವರ ಹೆಸರಿಡುತ್ತಾರೆ. 2022ರಲ್ಲಿ ಪುಣೆ ಪಕ್ಕದ ಚಾಕಣದಿಂದ ಹೊರಬಂದ ಸೆಡಾನ್ ಕಾರಿನ ಹೆಸರು ಸ್ಲಾವಿಯಾ. ಅದೇ ಸೈಕಲ್ಲಿನ ಹೆಸರು.

ನನ್ನ ಕೆಲಸ ಕಾರಿನ ಪರದೆಯ ಮೇಲೆ ಬರುವ ಸೂಚನೆಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಪರೀಕ್ಷಿಸುವುದು. ನಮ್ಮ ಟೀಮಿನ ಪಟ್ಟಿಯಲ್ಲಿ ಚೆಕ್ ಇದೆ. ಆ ಭಾಷೆ ಆಡುವವರು ಒಂದು ಕೋಟಿಯ ಆಸುಪಾಸು. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ. ಕನ್ನಡ ನಮ್ಮ ಪಟ್ಟಿಯಲ್ಲಿಲ್ಲ. ಅಕ್ಷರದ ಮೇಲಿನ ಕೊಕ್ಕೆ ಪರದೆಯಲ್ಲಿ ಕತ್ತರಿಸಿಹೋಗುತ್ತಿದೆಯೇ ಎಂದು ಚೆಕ್ ಪದಗಳನ್ನು ದಿನಗಟ್ಟಲೆ ನೋಡಿದ್ದೇನೆ. ಜನಸಂಖ್ಯೆ ನೋಡಿ ಯಾರೂ ಭಾಷೆಯನ್ನು ಪಟ್ಟಿಗೆ ಸೇರಿಸುವುದಿಲ್ಲ. ಇದಿಲ್ಲದಿದ್ದರೆ ಗಿರಾಕಿ ಮುಖ ತಿರುಗಿಸುತ್ತಾನೆ ಎಂಬ ಭಯ ಇರಬೇಕು, ಇಲ್ಲವೇ ಆ ಭಾಷೆಯವರು ಯಾರಾದರೂ ಮೊದಲು ಮಾಡಿ ತೋರಿಸಿರಬೇಕು.

ಪುಣೆಗೆ ಮರಳಿದ ಮೇಲೆ ನಾವು ಆಫೀಸಿನ ಮೂವರು ಕನ್ನಡಿಗರು, ಒಬ್ಬಳು ಮಂಗಳೂರಿನವಳು, ಒಬ್ಬ ಬೀದರಿನವನು, ನಾನು ಧಾರವಾಡದವನು, ಶನಿವಾರಗಳಲ್ಲಿ ಕೂತು ಒಂದು ಕನ್ನಡ ಕಡತ ಮಾಡುತ್ತಿದ್ದೇವೆ. ಮೂರು ಸೀಮೆಯ ಮೂರು ಕನ್ನಡ, ಹೀಗಾಗಿ ಜಗಳಕ್ಕೆ ಕೊರತೆಯಿಲ್ಲ. ಬ್ರೇಕ್, ಗೇರ್, ಟೈರ್ ಹಾಗೇ ಇರಲಿ ಎಂದು ಒಪ್ಪಿದೆವು. ‘ಗಾಳಿ ಕಡಿಮೆ ಇದೆ’ ಸಾಕು, ‘ವಾಯುಭಾರ’ ಬೇಡ ಎಂದೂ ತೀರ್ಮಾನವಾಯಿತು. ಯಾವ ಗಿರಾಕಿ ಕೇಳಿದ್ದಾನೆ ಎಂದರು ಮ್ಯಾನೇಜರ್. ಯಾರೂ ಕೇಳಿಲ್ಲ ಎಂದೆವು. ಇನ್ನೂರರಷ್ಟು ಸೂಚನೆಗಳು ಮುಗಿದಿವೆ. ಸದ್ಯದ ತೊಂದರೆ ಒತ್ತಕ್ಷರದ್ದು. ಸಾಲಿನ ಎತ್ತರ ಸಾಲದೆ ‘ಸೀಟ್ ಬೆಲ್ಟ್ ಹಾಕಿಕೊಳ್ಳಿ’ ಎಂಬಲ್ಲಿ ಳ್ಳಿಯ ಒತ್ತಿನ ಕಾಲು ಕತ್ತರಿಸುತ್ತಿದೆ. ಮುಂದಿನ ಶನಿವಾರ ಅದನ್ನು ಸರಿಮಾಡಬೇಕು.