ಯಾರು ಕಳುಹಿಸಲಿಲ್ಲ?

ಕಳೆದ ಆಷಾಢದ ಒಂದು ಸಂಜೆ ಯಾದಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗಳು ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕರ್ತರಿ ಪ್ರಯೋಗದ ಹತ್ತು ವಾಕ್ಯಗಳನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ಬರೆಯುವುದು ಅಂದಿನ ಮನೆಗೆಲಸ. ಏಳನೆಯ ವಾಕ್ಯಕ್ಕೆ ಬಂದು ನಿಂತವಳು, “ಅಜ್ಜಾ, ಕೊನೀಗೆ ‘ಬೈ ಹಿಮ್’ ಅಂತ ಬರೀಬೇಕೇನು, ಬಿಟ್ಟರ ನಡೀತದೇನು?” ಎಂದು ಕೇಳಿದಳು. ಬಹುಕಾಲ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದ ನಮಗೆ ಉತ್ತರ ನಾಲಗೆಯ ತುದಿಯಲ್ಲಿಯೇ ಇತ್ತು. ಕರ್ತೃ ಮುಖ್ಯವಲ್ಲವಾದರೆ ಬಿಡಬಹುದು ಎಂಬುದು ನಿಯಮ. ಆದರೆ ಆ ಮಾತು ಬಾಯಿಂದ ಹೊರಡಲು ತಡವಾಯಿತು. ಹಳೆಯದೊಂದು ಕಾಗದ ನೆನಪಿಗೆ ಬಂದಿತ್ತು.

ಕಾಗದದ ವಿಷಯಕ್ಕೆ ಬರುವ ಮೊದಲು ಈ ಪಾಠದ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಕಾಲದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರದ ಪರಿಚಯವಾಗುತ್ತಿತ್ತು; ಒಂದನೆಯ ತರಗತಿಯಿಂದಲೇ ಅದು ಬಂದದ್ದು 2007ರಲ್ಲಿ. ಆದ್ದರಿಂದ ಎಂಟು, ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಮಕ್ಕಳು ನಾಲ್ಕು ವಾಕ್ಯ ಓದಲು ಕಲಿತಿರುತ್ತಿದ್ದರು, ಅಷ್ಟೆ. ಅಷ್ಟರಲ್ಲಿಯೇ ‘ವಾಯ್ಸ್’ ಎಂಬ ಪಾಠ ಎದುರಾಗುತ್ತಿತ್ತು. ‘ರಾಮ ಕಿಲ್ಡ್ ರಾವಣ’ ಎಂಬುದು ಕರ್ತರಿ. ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಎಂಬುದು ಕರ್ಮಣಿ. ಕರ್ಮ ಮುಂದೆ ಬಂದು ಕರ್ತೃವಿನ ಪೀಠದಲ್ಲಿ ಕೂರುತ್ತದೆ. ಕ್ರಿಯಾಪದ ‘ಈಸ್’, ‘ವಾಸ್’ ಮುಂತಾದವುಗಳ ಕೈಹಿಡಿದು ರೂಪ ಬದಲಿಸುತ್ತದೆ. ನಿಜವಾಗಿ ಕೆಲಸ ಮಾಡಿದವನು ‘ಬೈ’ ಎಂಬ ಬಾಲಕ್ಕೆ ಕಟ್ಟಲ್ಪಟ್ಟು ಹಿಂದೆ ಸರಿಯುತ್ತಾನೆ. ಮಕ್ಕಳೊಡನೆ ಕುಳಿತು ಪಾಠ ಓದಿಸುವ ತಾಯಂದಿರಿಗೆ ಇಷ್ಟು ತಿಳಿದರೆ ಅರ್ಧ ಪಾಠ ಮುಗಿದಂತೆಯೇ.

ಇನ್ನರ್ಧವನ್ನು ನಮಗೆ ಶಹಾಪುರದ ಬೆಟ್ಟ ಕಲಿಸಿಕೊಟ್ಟಿತು. ಕರ್ಮವಿಲ್ಲದ ಕ್ರಿಯಾಪದಕ್ಕೆ ಕರ್ಮಣಿ ಪ್ರಯೋಗವಿಲ್ಲ ಎಂದು ಎಷ್ಟು ಬಾರಿ ಹೇಳಿದರೂ ಮಕ್ಕಳ ತಲೆಗೆ ಹೋಗುತ್ತಿರಲಿಲ್ಲ. ಶಹಾಪುರದಲ್ಲಿ ಬೆಟ್ಟದ ಸಾಲೊಂದು ದೂರದಿಂದ ಅಂಗಾತ ಮಲಗಿದ ಬುದ್ಧನಂತೆ ಕಾಣುವುದನ್ನು ಆ ಭಾಗದ ಓದುಗರೆಲ್ಲ ಬಲ್ಲರು. ಒಂದು ದಿನ ಕಿಟಕಿಯಿಂದ ಅದನ್ನೇ ತೋರಿಸಿ, “ಬುದ್ಧ ಮಲಗಿದ್ದಾನೆ, ಇದನ್ನು ತಿರುಗಿಸಿರಿ ನೋಡೋಣ” ಎಂದೆವು. ಎಷ್ಟು ಹೊರಳಿಸಿದರೂ ಬುದ್ಧ ಮಗ್ಗುಲು ಬದಲಿಸಲಿಲ್ಲ. ಆ ತರಗತಿಯ ಮಕ್ಕಳು ಆ ನಿಯಮವನ್ನು ಮತ್ತೆಂದೂ ತಪ್ಪಲಿಲ್ಲ.

ಯಾದಗಿರಿಯ ಮಕ್ಕಳಿಗಾದರೆ ರೈಲು ನಿಲ್ದಾಣವೇ ಪಾಠಶಾಲೆ. ಗಾಡಿ ತಡವಾದಾಗ ಧ್ವನಿವರ್ಧಕದಿಂದ ಬರುವ ‘ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್’ ಎಂಬ ವಾಕ್ಯ, ಅರ್ಥ ತಿಳಿಯದ ಹುಡುಗರಿಗೂ ಬಾಯಿಪಾಠವಾಗಿತ್ತು. ಭಾರತದ ಎಲ್ಲ ನಿಲ್ದಾಣಗಳಲ್ಲಿಯೂ ಕೇಳಿಬಂದ ವಾಕ್ಯವಿದು. ತೊಂದರೆ ಕೊಟ್ಟವರು ಯಾರು ಎಂಬುದು ಅದರಲ್ಲಿಲ್ಲ. ವಿಷಾದಪಡುವವರು ಯಾರು ಎಂಬುದೂ ಇಲ್ಲ. ಒಂದೇ ವಾಕ್ಯದಲ್ಲಿ ಇಬ್ಬರು ಕರ್ತೃಗಳು ಕಾಣೆ!

ಸುರಪುರದಲ್ಲಿ ಮಾತ್ರ ಈ ಪಾಠವನ್ನು ನಗುತ್ತ ಮುಗಿಸಲು ನಮ್ಮಿಂದ ಆಗಲಿಲ್ಲ. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತು ಸೆರೆಯಾದ ರಾಜಾ ವೆಂಕಟಪ್ಪ ನಾಯಕರ ಊರು ಅದು. ಅವರ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವರು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ಶಿಕ್ಷೆಗೊಳಗಾದ ರಾಜರನ್ನು ಹೈದರಾಬಾದಿನ ಕಡೆಯಿಂದ ಸಾಗಿಸುತ್ತಿದ್ದಾಗ ಗುಂಡೇಟಿನಿಂದ ಅವರು ತೀರಿಕೊಂಡರು. ತಮ್ಮ ಕೈಯಿಂದಲೇ ಗುಂಡು ಹಾರಿಸಿಕೊಂಡರು ಎಂದು ಟೇಲರನ ಆತ್ಮಕಥೆ ಹೇಳುತ್ತದೆ. ಅದು ಪ್ರಕಟವಾದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಸುರಪುರ ಸೀಮೆಯಲ್ಲಿ ಈ ಮಾತನ್ನು ಒಪ್ಪದವರು ಇಂದಿಗೂ ಇದ್ದಾರೆ. ನಾವು ಕಪ್ಪುಹಲಗೆಯ ಮೇಲೆ ‘ದಿ ರಾಜಾ ವಾಸ್ ಶಾಟ್’ ಎಂದು ಬರೆದು ನಿಲ್ಲಿಸಿದೆವು. ಗುಂಡು ತಗುಲಿತೆಂದು ಈ ವಾಕ್ಯ ಹೇಳುತ್ತದೆ, ಹಾರಿಸಿದ ಕೈ ಯಾವುದೆಂದು ಹೇಳುವುದಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸರ, ‘ಬೈ’ ಎಲ್ಲಿ ಹೋತ್ರಿ?” ಎಂದನು. ಉತ್ತರ ಕೊಡಲು ನಾವು ಇತಿಹಾಸದ ಉಪಾಧ್ಯಾಯರಲ್ಲವೆಂದು ತಪ್ಪಿಸಿಕೊಂಡೆವು.

ಕರ್ತೃ ಅಡಗುವ ವಾಕ್ಯವೆಲ್ಲ ದೋಷವುಳ್ಳದ್ದೆಂದು ಯಾರೂ ಭಾವಿಸಬಾರದು. ಮನೆಯಲ್ಲಿ ಕಳವಾದಾಗ ಕಳ್ಳನ ಹೆಸರು ಗೊತ್ತಿರುವುದಿಲ್ಲ. ವಿಜ್ಞಾನದ ಪ್ರಯೋಗದಲ್ಲಿ ನೀರನ್ನು ಕಾಯಿಸಿದವರಾರೆಂಬುದು ಬೇಕಿಲ್ಲ. ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ರಚಿಸಲ್ಪಟ್ಟಿತು ಎಂದರೆ ಸಾಕು, ಕಡತಕ್ಕೆ ರುಜು ಹಾಕಿದವರ ಪಟ್ಟಿಯನ್ನು ಯಾರೂ ಕೇಳುವುದಿಲ್ಲ.

ಇನ್ನು ನಮ್ಮ ನುಡಿಯ ಸಂಗತಿ. ಕನ್ನಡದಲ್ಲಿ ಕರ್ತೃವನ್ನು ಅಡಗಿಸುವುದು ಅಷ್ಟು ಸುಲಭವಲ್ಲ. ‘ಬಂದೆ’ ಎಂದರೆ ನಾನು, ‘ಬಂದಳು’ ಎಂದರೆ ಅವಳು. ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದದ ಕೊನೆಯ ಅಕ್ಷರವೇ ಸಾಕ್ಷಿ ನುಡಿಯುತ್ತದೆ. ಕರ್ಮಣಿಗೆ ನಾವು ಬಳಸುವ ‘ಪಡು’ ಎಂಬ ಧಾತುವಾದರೂ ಕಷ್ಟಪಡು, ನೋವುಪಡು ಎಂಬಲ್ಲಿ ಬರುವ ‘ಪಡು’ವೇ, ಅನುಭವಿಸುವವನ ಕಡೆಗೆ ನಿಂತ ಮಾತು ಅದು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ವ್ಯಾಕರಣದ ತರಗತಿಯ ಹೊರಗೆ ಯಾರಾದರೂ ಆಡಿದ್ದನ್ನು ನಾವು ಕೇಳಿಲ್ಲ. ಅಡುಗೆಮನೆಯಲ್ಲಿ ಲೋಟ ಒಡೆದ ಮಗು “ಒಡೀತು” ಎನ್ನುತ್ತದೆ, “ಒಡೆದೆ” ಎನ್ನುವುದಿಲ್ಲ. ತಾಯಿಗೆ ಆ ಒಂದು ಅಕ್ಷರದ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಆದರೆ ಕಚೇರಿಯ ಕನ್ನಡ ಬೇರೊಂದು ದಾರಿಯನ್ನು ಕಂಡುಕೊಂಡಿದೆ. ‘ಆದೇಶಿಸಲಾಗಿದೆ’, ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’. ಇಂಗ್ಲಿಷಿನಲ್ಲಿ ಕರ್ಮ ಎದ್ದುಬಂದು ಕರ್ತೃವಿನ ಪೀಠದಲ್ಲಿಯಾದರೂ ಕೂರುತ್ತದೆ. ಇಲ್ಲಿ ‘ಅರ್ಜಿಯನ್ನು’ ಎಂಬ ಕರ್ಮ ದ್ವಿತೀಯಾ ವಿಭಕ್ತಿಯಲ್ಲಿ ತಾನಿದ್ದಲ್ಲಿಯೇ ಇರುತ್ತದೆ, ಪೀಠ ಬರಿದು. ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರ ಸೀಮೆಗೆ ಬಂದ ಕಾಲದಲ್ಲಿ ನೋಟೀಸು ಓದಿಸಿಕೊಳ್ಳಲು ಹಳ್ಳಿಯ ಹಿರಿಯರು ನಮ್ಮಲ್ಲಿಗೆ ಬರುತ್ತಿದ್ದರು. ಓದಿ ಮುಗಿಸಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಮಾತು: “ಯಾರ ಹಿಂಗ ಬರದಾರ್ರಿ?” 2011ರ ಜನಗಣತಿಯಲ್ಲಿಯೂ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ನ್ನು ಮುಟ್ಟಿರಲಿಲ್ಲ, ರಾಜ್ಯದಲ್ಲಿಯೇ ಅದು ಕೊನೆಯ ಸ್ಥಾನ. ಅದಕ್ಕೂ ಎರಡು ಮೂರು ದಶಕಗಳ ಹಿಂದಿನ ಮಾತು ಇದು.

ಆ ಕಾಲದಲ್ಲಿಯೇ ನಾವೂ ಅಂಥದೊಂದು ಕಾಗದ ಬರೆದೆವು. ಶಹಾಪುರದ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ನಮ್ಮಲ್ಲಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಕಾಲೇಜು ಸೇರಬೇಕಾದರೆ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಬೇಕು. ಅವಳ ಊರಿಗೆ ಹೊತ್ತಿಗೆ ಸರಿಯಾದ ಬಸ್ಸಿರಲಿಲ್ಲ. ಅರ್ಜಿಯನ್ನು ತುಂಬಿ, ರುಜು ಮಾಡಿ ಕಳುಹಿಸುವ ಹೊಣೆಯನ್ನು ನಾವೇ ಕೇಳಿ ತೆಗೆದುಕೊಂಡಿದ್ದೆವು. ಮೇಜಿನ ಖಾನೆಯಲ್ಲಿಟ್ಟೆವು. ಬಂಧುಗಳ ಮನೆಯ ಮದುವೆಗೆ ಹೋದೆವು. ಹಿಂದಿರುಗಿ ಬಂದಾಗ ಕೊನೆಯ ದಿನಾಂಕ ಕಳೆದು ನಾಲ್ಕು ದಿನಗಳಾಗಿದ್ದವು.

ಅವಳ ತಂದೆಗೆ ಕಾಗದ ಬರೆದೆವು. ‘ಅನಿವಾರ್ಯ ಕಾರಣಗಳಿಂದ ತಮ್ಮ ಪುತ್ರಿಯ ಅರ್ಜಿಯನ್ನು ನಿಗದಿತ ಅವಧಿಯೊಳಗೆ ಕಳುಹಿಸಲಾಗಿರುವುದಿಲ್ಲ.’ ವಾಕ್ಯ ಶುದ್ಧವಾಗಿತ್ತು, ಅಕ್ಷರ ದುಂಡಗಿತ್ತು. ಮೂರನೆಯ ದಿನ ಆ ರೈತರು ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. ಕಾಗದವನ್ನು ಮಗಳಿಂದಲೇ ಓದಿಸಿದ್ದರು. ಸಿಟ್ಟಿರಲಿಲ್ಲ. “ಕಳಿಸಿಲ್ಲಂತ ತಿಳೀತ್ರಿ ಸರ. ಯಾರ್ ಕಳಿಸಿಲ್ಲ, ಅದನ್ನಷ್ಟು ಹೇಳ್ರಿ. ಅವ್ರ ಕಾಲ ಹಿಡದು ಕೇಳ್ತೀನಿ.”

“ಕಚೇರಿಯಲ್ಲಿ ತಡವಾಯಿತು, ಯಜಮಾನರೇ” ಎಂದೆವು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಕೈಮುಗಿದು ಹೊರಟರು. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಆ ವರ್ಷ ಅವಳು ಮನೆಯಲ್ಲಿ ಉಳಿದಳು. ಮರುವರ್ಷ ಅವಳನ್ನು ಸುರಪುರದ ಕಡೆ ಮದುವೆ ಮಾಡಿ ಕೊಟ್ಟರೆಂದು ತಿಳಿಯಿತು.

ಆ ರೈತರ ಪ್ರಶ್ನೆಯನ್ನು ನಾವು ಬಹಳ ಕಾಲ ನೆನೆದಿದ್ದೇವೆ, ವ್ಯಾಕರಣದ ದೃಷ್ಟಿಯಿಂದಲೂ. ‘ಕಳುಹಿಸಿದೆ, ಕಳುಹಿಸಿದನು, ಕಳುಹಿಸಿದಳು’ ಎಂದು ಮಾಡಿದ್ದಕ್ಕೆ ನಮ್ಮ ಭಾಷೆಯಲ್ಲಿ ಒಡೆಯರಿದ್ದಾರೆ. ಮಾಡದೆ ಬಿಟ್ಟಿದ್ದಕ್ಕೆ? ನಾನು ಕಳುಹಿಸಲಿಲ್ಲ, ಅವನು ಕಳುಹಿಸಲಿಲ್ಲ, ಅವಳು ಕಳುಹಿಸಲಿಲ್ಲ: ಎಲ್ಲರಿಗೂ ಒಂದೇ ರೂಪ. ಹಿಂದೆ ಹೀಗಿರಲಿಲ್ಲ. ಮಾಡೆನು, ಮಾಡನು, ಮಾಡಳು ಎಂದು ನಿಷೇಧಕ್ಕೂ ಕರ್ತೃವಿನ ಗುರುತಿತ್ತು. ವಚನಗಳನ್ನು ಓದುವ ಮನೆಗಳಿಗೆ ‘ಅರಿಯೆ’, ‘ಒಲ್ಲೆ’ ಎಂಬ ರೂಪಗಳು ಹೊಸವಲ್ಲ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರೆಂಬುದನ್ನೂ ಬಲ್ಲಿರಿ. ಅರಿಯದವನು ತಾನೇ ಎಂದು ಆ ಒಂದು ‘ಎ’ಕಾರ ಹೇಳಿಬಿಡುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಿ ‘ನಾ ಒಲ್ಲೆ’ ಇಂದಿಗೂ ಜೀವಂತವಾಗಿದೆ. ಮಿಕ್ಕವು ಒಂದೊಂದಾಗಿ ಬಿಟ್ಟುಹೋಗುತ್ತಿವೆ.

ಮೊಮ್ಮಗಳಿಗೆ ಅಂದು “ಬರೆ, ಬಿಡಬೇಡ” ಎಂದೆವು. “ಬಿಡಬಹುದು ಅಂತ ಪುಸ್ತಕದಾಗ ಅದಲ್ಲ” ಎಂದು ಅವಳು ವಾದಿಸಿದಳು. ಅವಳು ಹೇಳಿದ್ದು ಸರಿಯೇ.

ಇದಾದ ತಿಂಗಳೊಪ್ಪತ್ತಿನಲ್ಲಿ ಕೆಲಸದ ಮೇಲೆ ಸುರಪುರಕ್ಕೆ ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ಕಾಲುಮುಟ್ಟಿ ನಮಸ್ಕರಿಸಿ ತನ್ನ ಊರಿನ ಹೆಸರು ಹೇಳಿದಳು. ಅವಳೇ. ಮಗಳು ಪಿಯುಸಿ ಓದುತ್ತಿದ್ದಾಳೆ, ವಿದ್ಯಾರ್ಥಿನಿಲಯದಲ್ಲಿದ್ದಾಳೆ, ಬುತ್ತಿ ಕೊಟ್ಟು ಬರಲು ಬಂದಿದ್ದೆ ಎಂದಳು. ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ಪತ್ರಿಕೆಯ ಬರವಣಿಗೆಯಲ್ಲಿ ‘ನಾವು’ ಎನ್ನುವುದು ನಮಗೆ ರೂಢಿ. ಅಂದು ಆಡಿದ ಮಾತು ಹಾಗಿರಲಿಲ್ಲ.

“ತಾಯಿ, ಆ ಅರ್ಜಿಯನ್ನು ನಾನೇ ಮೇಜಿನಲ್ಲಿಟ್ಟು ಮರೆತಿದ್ದೆ. ನಾನು ಕಳುಹಿಸಲಿಲ್ಲ.”

ಅವಳು ಸೆರಗು ಸರಿಮಾಡಿಕೊಂಡಳು. “ನನಗ ಗೊತ್ತಿತ್ರಿ ಸರ. ಹಾಜರಿ ಪುಸ್ತಕ ಇಡಾಕ ಬಂದಾಗ ಖಾನ್ಯಾಗ ನೋಡಿದ್ದೆ. ಅಪ್ಪಗ ನಾ ಹೇಳ್ಲಿಲ್ಲ.” ಅಷ್ಟರಲ್ಲಿ ಹುಣಸಗಿಯ ಬಸ್ಸು ಬಂದಿತು. ಬರಿದಾದ ಬುತ್ತಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಅವಳು ಹತ್ತಿದಳು.